ಬಟ್ಟಲೊಳಗಿನ ಕಚ

ರಾತ್ರಿ ಹತ್ತು ದಾಟಿದ ಮೇಲೆ ಮೆಜೆಸ್ಟಿಕ್‌ನಲ್ಲಿ, ಏರ್‌ಪೋರ್ಟಿಗೆ ಹೋಗುವ ವಾಯುವಜ್ರ ಬಸ್ಸು ನಿಲ್ಲುವ ಕಡೆ ಸ್ವಲ್ಪ ಹೊತ್ತು ನಿಂತವರಿಗೆ ಈ ದೃಶ್ಯ ಹೊಸದಲ್ಲ. ಪ್ಲಾಸ್ಟಿಕ್ ಹಗ್ಗ ಬಿಗಿದ ಎರಡು ದೊಡ್ಡ ಸೂಟ್‌ಕೇಸು. ಮಿತಿ ಮೀರದಂತೆ ಮನೆಯಲ್ಲೇ ಮೂರು ಸಲ ತೂಗಿ ತಂದ ಅಪ್ಪ. ಹುರಿಹಿಟ್ಟು ಯಾವ ಕವರಿನಲ್ಲಿದೆ, ಚಟ್ನಿಪುಡಿ ಯಾವುದರಲ್ಲಿದೆ ಎಂದು ಹೇಳಿದ್ದನ್ನೇ ಹೇಳುವ ಅಮ್ಮ. ಕಂಡಕ್ಟರ್ ವಿಸಿಲ್ ಊದುವ ಹೊತ್ತಿಗೆ ಅಮ್ಮನ ದನಿ ತಗ್ಗುತ್ತದೆ: "ನೋಡು ಪುಟ್ಟಾ, ಅಲ್ಲಿ ಚಳಿ ಗಿಳಿ ಅಂತ ಗುಂಡು ಅಭ್ಯಾಸ ಮಾಡ್ಕೋಬೇಡ." ಮಗ "ಇಲ್ಲಮ್ಮ" ಅನ್ನುತ್ತಾನೆ. ಮಗಳಾದರೆ "ಅಯ್ಯೋ, ನಾನ್ಯಾಕಮ್ಮ" ಅನ್ನುತ್ತಾಳೆ. ಬಸ್ಸು ಹೊರಡುತ್ತದೆ.

ಅವರು ನಿಂತ ನೆಲಕ್ಕೂ ಈ ಮಾತಿಗೂ ನಂಟಿದೆ. ಉಪ್ಪಾರಪೇಟೆಯ ಮಗ್ಗುಲಿನ ಈ ಬಸ್ ನಿಲ್ದಾಣ ಕೂತಿರುವುದು ಒಂದು ಕಾಲಕ್ಕೆ ಊರಿಗೆ ನೀರುಣಿಸುತ್ತಿದ್ದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಹೆಸರನ್ನು ಬಿಡಿಸಿದರೆ ಧರ್ಮದ ಕಡಲು. ಊರಿನ ಗ್ರಾಮದೇವತೆ ಅಣ್ಣಮ್ಮ ಇವತ್ತಿಗೂ ಇಲ್ಲೇ ಹತ್ತಿರದಲ್ಲಿದ್ದಾಳೆ. ಪೇಟೆಗೆ ಹೆಸರು ಕೊಟ್ಟ ಉಪ್ಪಾರರ ಕುಲಕಸುಬು ಉಪ್ಪು ತೆಗೆಯುವುದು. ಪುರಾಣಗಳ ಭೂಗೋಳದಲ್ಲಿ ನಾವಿರುವ ಜಂಬೂದ್ವೀಪವನ್ನು ಮೊದಲು ಸುತ್ತಿರುವುದು ಉಪ್ಪಿನ ಕಡಲು. ಅದರಾಚೆ ಕಬ್ಬಿನ ಹಾಲಿನ ಕಡಲು. ಅದರಾಚೆ ಸುರೆಯ ಕಡಲು. ಉಪ್ಪಾರಪೇಟೆಯಿಂದ ಹೊರಟವರು ಒಂದಲ್ಲ ಒಂದು ದಿನ ಆ ಮೂರನೆಯ ಕಡಲಿನ ದಂಡೆಗೆ ಹೋಗಿ ನಿಲ್ಲುತ್ತಾರೆ ಎಂದು ಪುರಾಣ ಬರೆದವರಿಗೆ ಮೊದಲೇ ಗೊತ್ತಿತ್ತೇನೋ.

ಕಡಲಿಗೂ ಸುರೆಗೂ ಇನ್ನೊಂದು ಕಡೆಯೂ ಜೊತೆಯುಂಟು. ಕಲಿಯುಗದಲ್ಲಿ ಮಾಡಬಾರದ ಕೆಲಸಗಳನ್ನು ಧರ್ಮಶಾಸ್ತ್ರದ ನಿಬಂಧಗಳು ಕಲಿವರ್ಜ್ಯ ಎಂದು ಪಟ್ಟಿ ಮಾಡಿದವು. ಹಡಗು ಹತ್ತಿ ಸಮುದ್ರ ದಾಟಿದ ದ್ವಿಜನನ್ನು, ಅವನು ಪ್ರಾಯಶ್ಚಿತ್ತ ಮಾಡಿಕೊಂಡಿದ್ದರೂ ಮತ್ತೆ ಪಂಕ್ತಿಗೆ ಸೇರಿಸಿಕೊಳ್ಳುವುದು ಆ ಪಟ್ಟಿಯಲ್ಲಿದೆ. ಸೌತ್ರಾಮಣಿ ಯಾಗದಲ್ಲಿ ಸುರೆಯ ಬಟ್ಟಲನ್ನು ಎತ್ತುವುದೂ ಅದೇ ಪಟ್ಟಿಯಲ್ಲಿದೆ. ಇವೆರಡರಲ್ಲಿ ಒಂದನ್ನು ನಾವು ಸದ್ದಿಲ್ಲದೆ ಬಿಟ್ಟುಬಿಟ್ಟೆವು. ಮಗ ಅಮೆರಿಕಕ್ಕೆ ಹೋದನೆಂದು ಬಸವನಗುಡಿಯಲ್ಲಾಗಲಿ ಮಲ್ಲೇಶ್ವರದಲ್ಲಾಗಲಿ ಯಾರ ಮನೆಯಲ್ಲೂ ಇವತ್ತು ಪ್ರಾಯಶ್ಚಿತ್ತ ನಡೆಯುವುದಿಲ್ಲ. ಸತ್ಯನಾರಾಯಣ ಪೂಜೆ ಮಾಡಿಸಿ ಊಟ ಹಾಕುತ್ತಾರೆ. ಇನ್ನೊಂದನ್ನು ಮಾತ್ರ ಅಮ್ಮಂದಿರು ಮೆಜೆಸ್ಟಿಕ್ ತನಕ ತಂದು ಮಕ್ಕಳ ಕೈಗಿಡುತ್ತಾರೆ.

ಹಾಗಾದರೆ ಆ "ಇಲ್ಲಮ್ಮ" ಏನನ್ನು ಕಟ್ಟಿಹಾಕುತ್ತದೆ?

ಇಂಥ ಮಾತಿಗೆ ನಮ್ಮ ದೇಶದಲ್ಲಿ ತುಂಬ ಹೆಸರಾದ ಸಾಕ್ಷಿ 1888ರದು. ಹದಿನೆಂಟು ವರ್ಷದ ಮೋಹನದಾಸ ಗಾಂಧಿ ಬ್ಯಾರಿಸ್ಟರ್ ಓದಲು ಲಂಡನ್ನಿಗೆ ಹೊರಟಾಗ ತಾಯಿ ಪುತಲೀಬಾಯಿ ಒಪ್ಪಲಿಲ್ಲ. ಬೇಚರ್‌ಜೀ ಸ್ವಾಮಿ ಎಂಬ ಜೈನ ಸಾಧು ಮುಂದೆ ನಿಂತು ಮದ್ಯ, ಮಾಂಸ, ಪರಸ್ತ್ರೀ ಮೂರನ್ನೂ ಮುಟ್ಟುವುದಿಲ್ಲವೆಂದು ಹುಡುಗನಿಂದ ಪ್ರತಿಜ್ಞೆ ಮಾಡಿಸಿದ ಮೇಲೆ ತಾಯಿ ಹೂಂ ಅಂದರು. ಮೋಢ ಬನಿಯಾ ಜಾತಿಯ ಮುಖಂಡರು ಮುಂಬಯಿಯಲ್ಲಿ ಸಭೆ ಸೇರಿ, ಕಡಲು ದಾಟುವವನೆಂದು ಅವನನ್ನು ಜಾತಿಯಿಂದ ಹೊರಗೆ ಹಾಕಿದರು. ಲಂಡನ್ನಿನ ಇನ್ನರ್ ಟೆಂಪಲ್‌ನಲ್ಲಿ ವಕೀಲಿಕೆ ಕಲಿಯುವವರು ಇಂತಿಷ್ಟು ಸಾಮೂಹಿಕ ಊಟಗಳಿಗೆ ಹಾಜರಿರಲೇಬೇಕಿತ್ತು. ನಾಲ್ಕು ಜನರ ಒಂದೊಂದು ಪಂಕ್ತಿಗೆ ಎರಡು ಬಾಟಲಿ ವೈನ್. ಒಬ್ಬ ಕುಡಿಯದಿದ್ದರೆ ಉಳಿದ ಮೂವರಿಗೆ ಎರಡೂ ಬಾಟಲಿ ಸಿಗುತ್ತಿದ್ದುದರಿಂದ ಗಾಂಧಿ ತಮ್ಮ ಪಂಕ್ತಿಗೇ ಬರಲಿ ಎಂದು ಎಲ್ಲರೂ ಕರೆಯುತ್ತಿದ್ದರೆಂದು ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಈ ಪ್ರಸಂಗ ಎಲ್ಲರಿಗೂ ಗೊತ್ತು. ಅದೇ ಪುಸ್ತಕದಲ್ಲಿ ಇದಕ್ಕಿಂತ ಆಳವಾದ ಮಾತೊಂದಿದೆ, ಅದನ್ನು ಹೆಚ್ಚು ಜನ ಗಮನಿಸುವುದಿಲ್ಲ. ಮಾಂಸ ಬಿಟ್ಟ ಗಾಂಧಿಗೆ ಲಂಡನ್ನಿನಲ್ಲಿ ಮೊಟ್ಟೆಯ ಪ್ರಶ್ನೆ ಬಂತು. ಮಾಂಸವೆಂದರೆ ಪಶುಪಕ್ಷಿಗಳದ್ದು ಮಾತ್ರ ಎಂದವರಿದ್ದರು, ಮೀನೂ ಸೇರುತ್ತದೆ ಎಂದವರಿದ್ದರು, ಮೊಟ್ಟೆ ಹಾಲು ಎಲ್ಲವೂ ಸೇರುತ್ತದೆ ಎಂದವರೂ ಇದ್ದರು. ಕೆಲವು ದಿನ ಮೊಟ್ಟೆ ತಿಂದು ನೋಡಿದ ಅವರು ಆಮೇಲೆ ಒಂದು ತೀರ್ಮಾನಕ್ಕೆ ಬಂದರು. ಮಾತು ತೆಗೆದುಕೊಂಡವಳು ತಾಯಿ. ಮಾಂಸವೆಂದಾಗ ಅವಳ ಮನಸ್ಸಿನಲ್ಲಿ ಏನಿತ್ತೋ ಅದೇ ಆ ಮಾತಿನ ಅರ್ಥ. ಅವಳ ಲೆಕ್ಕದಲ್ಲಿ ಮೊಟ್ಟೆಯೂ ಸೇರಿತ್ತು. ಬಿಟ್ಟರು.

ಮೆಜೆಸ್ಟಿಕ್‌ನಲ್ಲಿ ಮಾತು ಕೊಟ್ಟು ಹೋದವರು ಈ ಅಳತೆ ಹಿಡಿದರೆ ಲೆಕ್ಕ ಅಲ್ಲಿಗೇ ಮುಗಿಯಿತು. "ಬೀರು ಎಣ್ಣೆ ಅಲ್ಲಮ್ಮ, ಬರೀ ಐದು ಪರ್ಸೆಂಟು" ಎಂದು ಫೋನಿನಲ್ಲಿ ವಾದ ಮಾಡುವಂತಿಲ್ಲ. ಅಮ್ಮನ ನಿಘಂಟಿನಲ್ಲಿ ಗುಂಡು ಒಂದೇ ಜಾತಿ. ಈ ದಾರಿ ಹಿಡಿದು ಇಪ್ಪತ್ತು ಮೂವತ್ತು ವರ್ಷ ಪರದೇಶದಲ್ಲಿ ಬಾಳಿ, ಪಾರ್ಟಿಗಳಲ್ಲಿ ಕಿತ್ತಲೆ ರಸದ ಲೋಟ ಹಿಡಿದು ನಿಂತ ಕನ್ನಡಿಗರು ಸಾವಿರಾರು ಮಂದಿ ಇದ್ದಾರೆ. ಅವರ ನಿಷ್ಠೆ ದೊಡ್ಡದು. ಆದರೆ ಎಲ್ಲರೂ ಆ ದಾರಿಯವರಲ್ಲ. ಬೆಂಗಳೂರಿನಲ್ಲೇ ಬೀರಿನ ರುಚಿ ಕಂಡು ಹೋದವರಿದ್ದಾರೆ. ಎಷ್ಟೆಂದರೂ ಇದು 1915ರಲ್ಲಿ ಥಾಮಸ್ ಲೀಶ್‌ಮನ್ ಕಟ್ಟಿದ ಯುನೈಟೆಡ್ ಬ್ರೂವರೀಸ್‌ನ ಊರು, 2010ರ ದಶಕದ ಆರಂಭದಿಂದ ಹೋಟೆಲಿನೊಳಗೇ ಬೀರು ಕಾಯಿಸುವ ಮೈಕ್ರೋಬ್ರೂವರಿಗಳು ಎದ್ದ ಊರು. ಹೊರಗೆ ಹೋದಮೇಲೆ, ಕೆಲಸ ಕಲಿತ ಕೈ ಸಣ್ಣ ಪ್ರಮಾಣದಲ್ಲಿ ಮಾಡಿದ ಒಳ್ಳೆಯ ಬೀರನ್ನು ಹುಡುಕಿಕೊಂಡು ಊರೂರು ಸುತ್ತುವವರೂ ಇದ್ದಾರೆ. ಅವರಿಗೂ ಧರ್ಮಪ್ರಶ್ನೆ ಇದೆ, ಬೇರೆ ರೂಪದಲ್ಲಿ ಎದುರಾಗುತ್ತದೆ.

ಇಂಗ್ಲೆಂಡನ್ನೇ ನೋಡಿ. ಅಲ್ಲಿಯ ಇಂಡಿಯನ್ ಹೋಟೆಲುಗಳಲ್ಲಿ ಮನೆಮಾತಾದ ಕೋಬ್ರಾ ಬೀರು ಮೊದಲು ತಯಾರಾಗಿ ಹಡಗು ಹತ್ತಿದ್ದು 1990ರಲ್ಲಿ, ನಮ್ಮ ಬೆಂಗಳೂರಿನ ಮೈಸೂರು ಬ್ರೂವರೀಸ್‌ನಿಂದ. ಲಂಡನ್ನಿನವರಿಗೆ ಅದು ಫಾರಿನ್ ಸರಕು. ಬೆಂಗಳೂರಿನಿಂದ ಹೋದವನಿಗೆ ಅದು ಹಿಂದೆ ಬಿಟ್ಟು ಬಂದ ಊರು. ಒಳ್ಳೆಯದನ್ನು ಹುಡುಕುವವನು ಅದನ್ನು ದಾಟಿ ಆ ನಾಡಿನ ಹಳೆಯ ಬಗೆಯ ಪೀಪಾಯಿ ಬೀರಿನ ಹತ್ತಿರ ಹೋಗುತ್ತಾನೆ. ಕಾರ್ಖಾನೆಗಳ ಗ್ಯಾಸು ತುಂಬಿದ ಬೀರಿನ ಹಾವಳಿಯಲ್ಲಿ ಈ ಕಸುಬು ನಶಿಸಬಾರದೆಂದು 1971ರಲ್ಲಿ ಅಲ್ಲಿಯ ಗ್ರಾಹಕರೇ ಒಂದು ಚಳವಳಿ ಕಟ್ಟಿದರು. ಕಾಮ್ರಾ ಎಂಬ ಆ ಸಂಘಟನೆ ಇಂದಿಗೂ ಇದೆ.

ಪೀಪಾಯಿ ಬೀರು ಪಬ್ಬಿಗೆ ಬಂದಾಗ ಜೀವಂತವಾಗಿರುತ್ತದೆ. ಹುದುಗಿಸುವ ಯೀಸ್ಟ್ ಇನ್ನೂ ಒಳಗೆ ಕೆಲಸ ಮಾಡುತ್ತಿರುತ್ತದೆ. ಪಬ್ಬಿನ ಕೆಳಗಿನ ತಣ್ಣನೆಯ ನೆಲಮಾಳಿಗೆಯಲ್ಲಿ ಪೀಪಾಯಿಯನ್ನು ಅಡ್ಡ ಮಲಗಿಸುತ್ತಾರೆ, ಮೇಲಿನ ತೂತಿಗೆ ಮರದ ಸಣ್ಣ ಬೆಣೆ ಹೊಡೆದು ಉಸಿರಾಡಲು ಬಿಡುತ್ತಾರೆ. ಒಂದೆರಡು ದಿನದಲ್ಲಿ ಕದಡಿದ್ದೆಲ್ಲ ತಳಕ್ಕಿಳಿದು ಬೀರು ತಿಳಿಯಾಗುತ್ತದೆ. ಮೇಲೆ ಕಟ್ಟೆಯ ಹಿಂದೆ ನಿಂತವರು ಮರದ ಹಿಡಿಯ ಪಂಪನ್ನು ಬಾವಿಯ ಪಂಪಿನ ಹಾಗೆ ಎಳೆದು ಎಳೆದು ಲೋಟ ತುಂಬುತ್ತಾರೆ. ಬೆಳಕಿಗೆ ಹಿಡಿದರೆ ಜೇನಿನ ಬಣ್ಣ, ಒಂದು ಕಣ ಕದಡಿಲ್ಲ.

ಅಷ್ಟು ಬೇಗ ಅಷ್ಟು ತಿಳಿಯಾಗಿದ್ದು ಹೇಗೆ? ಮೀನಿನಿಂದ. ಮೀನಿನ ಹೊಟ್ಟೆಯೊಳಗೆ ಅದನ್ನು ತೇಲಿಸುವ ಗಾಳಿಚೀಲವೊಂದಿರುತ್ತದೆ. ಅದನ್ನು ಒಣಗಿಸಿ, ಕರಗಿಸಿ ಮಾಡಿದ ಅಂಟಿಗೆ ಐಸಿಂಗ್ಲಾಸ್ ಎಂದು ಹೆಸರು. ಒಂದು ಕಾಲಕ್ಕೆ ಸ್ಟರ್ಜನ್ ಮೀನಿನದು, ಈಚೆಗೆ ಬೇರೆ ಬೇರೆ ಮೀನಿನದು. ಪೀಪಾಯಿಗೆ ಸ್ವಲ್ಪ ಹಾಕಿದರೆ ಯೀಸ್ಟಿನ ಕಣಗಳನ್ನು ತಬ್ಬಿಕೊಂಡು ತಳಕ್ಕೆ ಎಳೆಯುತ್ತದೆ. ನಮ್ಮ ಹಳ್ಳಿಗಳಲ್ಲಿ ಕೆಂಪು ನೀರನ್ನು ತಿಳಿ ಮಾಡಲು ಮಡಕೆಯ ಒಳಮೈಗೆ ಚಿಲ್ಲದ ಬೀಜ ತೇಯುತ್ತಿದ್ದ ಹಾಗೆಯೇ. ಅಂಟಿನ ಬಹುಪಾಲು ತಳದಲ್ಲೇ ಉಳಿಯುತ್ತದೆ, ಲೋಟಕ್ಕೆ ಬರುವುದು ಬಂದರೆ ಲವಲೇಶ. ಆದರೂ ಅದು ಮೀನು.

ಮುಖ್ಯವಾದ ಸಂಗತಿ ಇನ್ನೊಂದು. ಯುರೋಪಿನ ಕಾನೂನಿನಲ್ಲಿ 1.2 ಪರ್ಸೆಂಟಿಗಿಂತ ಹೆಚ್ಚು ಮದ್ಯಸಾರವಿರುವ ಬೀರಿಗೆ ಒಳಗೇನಿದೆ ಎಂಬ ಪೂರ್ತಿ ಪಟ್ಟಿ ಅಂಟಿಸಬೇಕಿಲ್ಲ. ಮೀನಿನ ಅಲರ್ಜಿ ಇರುವವರಿಗಾಗಿ ತಿನಿಸಿನ ಮೇಲೆ ಎಚ್ಚರಿಕೆ ಬರೆಯಲೇಬೇಕು. ಬೀರು ವೈನುಗಳನ್ನು ತಿಳಿಗೊಳಿಸಲು ಬಳಸಿದ ಐಸಿಂಗ್ಲಾಸಿಗೆ ಮಾತ್ರ ವಿನಾಯಿತಿ. ಅಂದರೆ ಕುಡಿಯುವವನಿಗೆ ಹೇಳುವವರಿಲ್ಲ. ಗಿನ್ನೆಸ್‌ನಂಥ ಹಳೆಯ ಕಂಪನಿಯೇ ಮೀನಿನಂಟನ್ನು ಕೈಬಿಡುತ್ತೇನೆಂದು ಪ್ರಕಟಿಸಿದ್ದು 2015ರ ನವೆಂಬರ್‌ನಲ್ಲಿ. ಅದಕ್ಕೆ ಮುಂಚೆ, ಊಟಕ್ಕೆ ಈರುಳ್ಳಿಯನ್ನೂ ಸೇರಿಸದ ಮನೆಗಳಿಂದ ಹೋಗಿ ಡಬ್ಲಿನ್‌ನಲ್ಲಿ, ಲಂಡನ್ನಿನಲ್ಲಿ ಕಪ್ಪು ಬೀರಿನ ಲೋಟ ಎತ್ತಿದವರು ಎಷ್ಟು ಜನವೋ.

ಇಲ್ಲಿ ಕಚನ ನೆನಪು ಬರುತ್ತದೆ. ಮೃತಸಂಜೀವಿನಿ ವಿದ್ಯೆ ಕಲಿಯಲು ಶುಕ್ರಾಚಾರ್ಯರ ಶಿಷ್ಯನಾಗಿ ಬಂದ ಬೃಹಸ್ಪತಿಯ ಮಗ. ರಾಕ್ಷಸರು ಅವನನ್ನು ಕೊಂದರು, ಗುರು ಬದುಕಿಸಿದ. ಮತ್ತೆ ಕೊಂದರು, ಮತ್ತೆ ಬದುಕಿಸಿದ. ಮೂರನೆಯ ಸಲ ಸುಟ್ಟು ಬೂದಿ ಮಾಡಿ, ಆ ಬೂದಿಯನ್ನು ಸುರೆಯಲ್ಲಿ ಕದಡಿ ಗುರುವಿಗೇ ಕುಡಿಸಿದರು. ಗುರುವಿನ ಮಗಳು ದೇವಯಾನಿ ಅತ್ತು ಕರೆದಾಗ ಶಿಷ್ಯನ ದನಿ ಗುರುವಿನ ಹೊಟ್ಟೆಯೊಳಗಿನಿಂದ ಬಂತು. ಯಕ್ಷಗಾನದಲ್ಲಿ ಇಡೀ ರಾತ್ರಿ ಕೂತು ನೋಡಿದವರೂ ಈ ಕಥೆಯ ಕೊನೆಯನ್ನು ಪ್ರೇಮಭಂಗ ಎಂದೇ ನೆನಪಿಟ್ಟುಕೊಳ್ಳುತ್ತಾರೆ. ಮಹಾಭಾರತದ ಆದಿಪರ್ವ ಮಾತ್ರ ನಡುವೆ ಒಂದು ಘಟನೆಯನ್ನು ಒತ್ತಿ ಹೇಳುತ್ತದೆ. ಇದಾದ ಮೇಲೆ ಶುಕ್ರ, ಇನ್ನು ಮುಂದೆ ಸುರೆ ಕುಡಿದ ಬ್ರಾಹ್ಮಣನಿಗೆ ಬ್ರಹ್ಮಹತ್ಯೆಯ ದೋಷ ತಟ್ಟಲಿ ಎಂದು ಕಟ್ಟಳೆ ಹಾಕಿದ. ಮಹಾಭಾರತದ ಪ್ರಕಾರ ನಿಷೇಧದ ಹುಟ್ಟು ಇದು. ಶುಕ್ರ ಅಲ್ಲಿಯ ತನಕ ಕುಡಿಯುತ್ತಲೇ ಇದ್ದವನು. ಅವನನ್ನು ಬೆಚ್ಚಿಬೀಳಿಸಿದ್ದು ಅಮಲೊಂದೇ ಅಲ್ಲ. ಬಟ್ಟಲಿನೊಳಗೆ ಏನಿದೆ ಎಂದು ತಿಳಿಯದೆ, ತಾನು ಮಗನಂತೆ ನೋಡಿಕೊಂಡವನನ್ನೇ ಕುಡಿದುಬಿಟ್ಟಿದ್ದು.

ಪರದೇಶದಲ್ಲಿ ಲೋಟ ಹಿಡಿದವನಿಗೆ ಈ ಕಥೆಗಿಂತ ಹತ್ತಿರದ ಕಥೆ ಇನ್ನೊಂದಿಲ್ಲ. ಕುಡಿಯಬಹುದೇ ಎಂಬ ಪ್ರಶ್ನೆ ಬೇಗ ಬರುತ್ತದೆ, ಬೇಗ ಹೋಗುತ್ತದೆ. ಒಳಗೆ ಏನಿದೆ, ಯಾರ ಜೀವ ಅದರಲ್ಲಿ ಕರಗಿದೆ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಧರ್ಮಶಾಸ್ತ್ರಕಾರರು ಕೇಳಿದ್ದರು. ಅವರಲ್ಲಿ ದೊಡ್ಡ ಹೆಸರು ನಮ್ಮ ನಾಡಿನದೇ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಬರೆದ ಮಿತಾಕ್ಷರಾ ಇಂಗ್ಲಿಷರ ಕೋರ್ಟುಗಳ ತನಕ ಆಳಿತು. ಸುರೆಯಲ್ಲಿ ಬೆಲ್ಲದ್ದು, ಹಿಟ್ಟಿನದು, ಹೂವಿನ ರಸದ್ದು ಎಂದು ಮನು ಮೂರು ಬಗೆ ಹೇಳಿದ್ದ. ಮುಖ್ಯವಾದ ಅರ್ಥದಲ್ಲಿ ಸುರೆಯೆಂದರೆ ಪೈಷ್ಟಿ, ಅಂದರೆ ಧಾನ್ಯದ ಹಿಟ್ಟಿನಿಂದ ಮಾಡಿದ್ದು ಎಂದು ವಿಜ್ಞಾನೇಶ್ವರ ಬಿಡಿಸುತ್ತಾನೆ. ಮೂರೂ ವರ್ಣದವರಿಗೆ ಅದು ಮಹಾಪಾತಕ. ಹಲಸು, ದ್ರಾಕ್ಷಿ, ಖರ್ಜೂರ, ತಾಳೆ ಮೊದಲಾದವುಗಳ ಮದ್ಯಗಳನ್ನು ಪುಲಸ್ತ್ಯನ ಹೆಸರಿನ ಪಟ್ಟಿ ಹನ್ನೊಂದೆಂದು ಎಣಿಸಿ, ಹನ್ನೆರಡನೆಯದಾದ ಸುರೆಯನ್ನು ಎಲ್ಲಕ್ಕಿಂತ ಕೀಳೆಂದು ಕೊನೆಗಿಡುತ್ತದೆ. ಕಾರಣವನ್ನು ಮನುವೇ ಕೊಡುತ್ತಾನೆ: ಸುರೆ ಅನ್ನದ ಕೊಳೆ. ಹೊಟ್ಟೆ ತುಂಬಿಸಬೇಕಾದ ಕಾಳನ್ನು ಕೆಡಿಸಿ ಮಾಡಿದ್ದು.

ಜವೆಗೋಧಿಯ ಬೀರು ಪೈಷ್ಟಿಯ ಸೋದರ. ಹೀಗಾಗಿ ಬ್ರಿಟನ್ನಿನ ಪೀಪಾಯಿ, ಬೆಲ್ಜಿಯಂನ ಮಠದ ಬಾಟಲಿ, ಎಲ್ಲವೂ ಈ ಕಟ್ಟಳೆಯಲ್ಲಿ ಅತ್ಯಂತ ಕಠಿಣವಾದ ಸಾಲಿಗೆ ಬೀಳುತ್ತವೆ. ಈಚಲು ಮರದ ಹೆಂಡ ಅದಕ್ಕಿಂತ ಹಗುರವಾದ ಸಾಲಿನಲ್ಲಿ ಉಳಿಯುತ್ತದೆ. ಇದನ್ನು ಬೆಂಗಳೂರಿನ ಓದಿದ ಜನ ಒಂದು ಸಲ ಕೂತು ಯೋಚಿಸಬೇಕು. ಬ್ರಸೆಲ್ಸ್‌ನಿಂದ ತಂದ ಬಾಟಲಿಯನ್ನು ಮುದ್ದಿನಿಂದ ಶೋಕೇಸಿನಲ್ಲಿಟ್ಟು, ಹೆಂಡದ ಮಡಕೆ ಕಂಡರೆ ಮುಖ ಸಿಂಡರಿಸುವವರು ಯಾವ ಶಾಸ್ತ್ರದ ಹೆಸರಿನಲ್ಲಿ ಹಾಗೆ ಮಾಡುತ್ತಾರೆ? ಅದು ಶಾಸ್ತ್ರವಲ್ಲ, ಜಾತಿ. ಮಡಕೆ ಹಿಡಿದ ಕೈ ಯಾರದೆಂದು ನೋಡಿ ಹುಟ್ಟುವ ಹೇಸಿಗೆ.

ವಿಜ್ಞಾನೇಶ್ವರನ ಕಲ್ಯಾಣದಲ್ಲೇ, ಅವನಾದ ಕೆಲವು ದಶಕಗಳಿಗೆ, ಹೆಂಡ ಮಾರುವ ಒಬ್ಬ ಮನುಷ್ಯ ಬಸವಣ್ಣನವರ ಕೂಟ ಸೇರಿದ. ಹೆಂಡದ ಮಾರಯ್ಯ. ಕಸುಬಿನ ಹೆಸರನ್ನು ಮುಚ್ಚಿಡದೆ ತನ್ನ ಹೆಸರಿನ ಮುಂದೆ ಉಳಿಸಿಕೊಂಡ, ಹೆಂಡ, ಮಡಕೆ, ಮತ್ತುಗಳನ್ನೇ ಅನುಭಾವದ ಮಾತಿಗೆ ಒಗ್ಗಿಸಿ ವಚನ ಬರೆದ. ಅವನ ಅಂಕಿತ ಧರ್ಮೇಶ್ವರಲಿಂಗ. ಒಂದೇ ಊರು: ಒಬ್ಬ ಯಾವ ಮದ್ಯಕ್ಕೆ ಎಷ್ಟು ಪಾಪ ಎಂದು ತೂಗಿದ, ಇನ್ನೊಬ್ಬ ಮಾರುವವನನ್ನು ಮನುಷ್ಯನೆಂದು ನಿಲ್ಲಿಸಿದ. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ, ಲ್ಯಾಂಬೆತ್‌ನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯ ಮುಂದೆ ಫೋಟೋ ತೆಗೆಸಿಕೊಳ್ಳುವ ಕನ್ನಡಿಗರು ಆ ಕೂಟದಲ್ಲಿ ಮಾರಯ್ಯನೂ ಕೂತಿದ್ದನೆಂದು ಮಕ್ಕಳಿಗೆ ಹೇಳಿದರೆ ಒಳ್ಳೆಯದು.

ಇನ್ನೂ ಹಿಂದಕ್ಕೆ ಹೋದರೆ ಕಾಳು ಕೆಡಿಸುವ ಈ ಕೆಲಸ ಯಜ್ಞಶಾಲೆಯಲ್ಲೇ ನಡೆಯುತ್ತಿತ್ತು. ಸೌತ್ರಾಮಣಿಯಲ್ಲಿ ಅಶ್ವಿನಿಗಳು, ಸರಸ್ವತಿ, ಇಂದ್ರ ಇವರಿಗೆ ಸುರೆಯ ಬಟ್ಟಲು ಸಲ್ಲುತ್ತಿತ್ತು. ಅದಕ್ಕೆ ಬೇಕಾದ ಸಾಮಾನಿನ ಪಟ್ಟಿ ಶ್ರೌತಸೂತ್ರಗಳಲ್ಲಿದೆ: ಮೊಳಕೆ ಬಂದ ಭತ್ತ, ಮೊಳಕೆ ಬಂದ ಜವೆ, ಅರಳು, ಹುದುಗು ಬರಿಸಲು ನಗ್ನಹು ಎಂಬ ಮೂಲಿಕೆಗಳ ಪುಡಿ. ಮೂರು ರಾತ್ರಿ ಹಾಗೇ ಇಡಬೇಕು. ಯುರೋಪಿನ ಯಾವ ಬೀರು ಕಸುಬಿನವನ ಕೈಗೆ ಈ ಪಟ್ಟಿ ಕೊಟ್ಟರೂ ತನ್ನ ಕೆಲಸದ್ದೇ ಎಂದು ಗುರುತು ಹಿಡಿಯುತ್ತಾನೆ.

ಗುರುತು ಹಿಡಿಯುವ ಇನ್ನೊಬ್ಬಳು ಮೆಜೆಸ್ಟಿಕ್‌ನಲ್ಲಿ ನಿಂತ ಅಮ್ಮ. ಮಗುವಿಗೆ ಆರು ತಿಂಗಳಾದಾಗ ಅವಳು ರಾಗಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು, ತೆಳು ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ಮೊಳೆಗೆ ನೇತುಹಾಕಿದ್ದಳು. ಮಾರನೆಯ ದಿನ ಬಟ್ಟೆಯ ಎಳೆಗಳ ನಡುವಿನಿಂದ ಬಿಳಿಯ ಎಳಸು ಬೇರುಗಳು ಇಣುಕಿದವು. ನೆರಳಲ್ಲಿ ಆರಿಸಿ, ಹುರಿದು, ಬೀಸಿದ ಹಿಟ್ಟು ಗಂಜಿಯಾದಾಗ ಸಿಹಿಯಾಗಿತ್ತು. ಮೊಳಕೆ ಒಡೆಯುವಾಗ ಕಾಳು ತನ್ನೊಳಗಿನ ಪಿಷ್ಟವನ್ನು ಸಕ್ಕರೆಯಾಗಿ ಬಿಡಿಸುವ ಕಿಣ್ವವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಬೀರಿನ ಮೊದಲ ಅರ್ಧ ಇಷ್ಟೇ. ಹೆಸರೂ ಒಂದೇ, ರಾಗಿ ಮಾಲ್ಟ್ ಎಂದು ದಿನಾ ಹೇಳುತ್ತೇವೆ. ಅದೇ ರಾಗಿ ಸಿಕ್ಕಿಂನಲ್ಲಿ, ನೇಪಾಳದಲ್ಲಿ ಹುದುಗಿ ತೋಂಗ್ಬಾ ಆಗುತ್ತದೆ. ಬಿದಿರಿನ ಪಾತ್ರೆಗೆ ಬಿಸಿನೀರು ಹೊಯ್ದು ಕೊಳವೆಯಲ್ಲಿ ಹೀರುತ್ತಾರೆ. ಅನ್ನ ಎಲ್ಲಿ ಮುಗಿಯುತ್ತದೆ, ಸುರೆ ಎಲ್ಲಿ ಶುರುವಾಗುತ್ತದೆ ಎಂಬ ಗೆರೆ ಒಂದು ಬಟ್ಟೆಯ ಗಂಟಿನಷ್ಟು ತೆಳ್ಳಗಿದೆ.

ಆ ಗೆರೆಯನ್ನು ಒಂದೊಂದು ನಾಡು ಒಂದೊಂದು ಕಡೆ ಎಳೆದಿದೆ. ಏಕಾದಶಿಯ ದಿನ ನಮ್ಮಲ್ಲಿ ಮೊದಲು ಬಿಡುವುದು ಧಾನ್ಯ. ಹಣ್ಣು, ಹಾಲು ನಡೆದೀತು, ಕಾಳು ಕೂಡದು. ಮ್ಯೂನಿಕ್ಕಿನ ಪೌಲನರ್ ಸನ್ಯಾಸಿಗಳು ಹದಿನೇಳನೆಯ ಶತಮಾನದಲ್ಲಿ ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸಕ್ಕೆಂದೇ ಗಟ್ಟಿಯಾದ, ಮಾಲ್ಟ್ ಹೆಚ್ಚಿರುವ ಬೀರು ಮಾಡಿದರು. ಘನ ಆಹಾರ ಉಪವಾಸ ಮುರಿಯುತ್ತದೆ, ದ್ರವ ಮುರಿಯುವುದಿಲ್ಲ ಎಂಬುದು ಅವರ ತರ್ಕ. ಕುಡಿಯುವ ರೊಟ್ಟಿ ಎಂದೇ ಅದಕ್ಕೆ ಹೆಸರು ಬಿತ್ತು. ಆ ಊರಿನಲ್ಲಿ ಏಕಾದಶಿ ಹಿಡಿಯುವ ಮಾಧ್ವರ ಮನೆಯ ಹುಡುಗನೊಬ್ಬ ಉಪವಾಸದ ದಿನ ಯಾವುದನ್ನು ಬಿಡುತ್ತಾನೋ ಅದನ್ನೇ ಆ ಸನ್ಯಾಸಿಗಳು ಉಪವಾಸದ ದಿನ ಹಿಡಿದಿದ್ದರು. ಇಬ್ಬರೂ ದೇವರ ಕಡೆಗೇ ಮುಖ ಮಾಡಿ ಕೂತವರು.

ಜರ್ಮನಿಗೆ ಹೋದ ಸಸ್ಯಾಹಾರಿ ಕನ್ನಡಿಗರಿಗೆ ಒಂದು ನಿರಾಳ ಉಂಟು. 1516ರ ಏಪ್ರಿಲ್ 23ರಂದು ಇಂಗೊಲ್‌ಸ್ಟಾಟ್‌ನಲ್ಲಿ ಬವೇರಿಯದ ದೊರೆಗಳು ಬೀರಿಗೆ ಜವೆ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಬಾರದೆಂದು ಕಟ್ಟಳೆ ಮಾಡಿದರು. ಯೀಸ್ಟ್ ಒಂದು ಜೀವಿಯೆಂದು ಆಗ ಗೊತ್ತಿರಲಿಲ್ಲ, ಪಟ್ಟಿಯಲ್ಲೂ ಅದಿಲ್ಲ. ಧರ್ಮಕ್ಕಾಗಿ ಮಾಡಿದ ಕಾನೂನಲ್ಲ ಅದು, ಬೆಲೆಯನ್ನೂ ಕಲಬೆರಕೆಯನ್ನೂ ಹಿಡಿತದಲ್ಲಿಡಲು ಮಾಡಿದ್ದು. ಐನೂರು ವರ್ಷದ ಮೇಲೆ ಮಲ್ಲೇಶ್ವರದಿಂದ ಹೋದವರ ಶುದ್ಧಾಶುದ್ಧದ ಅನುಮಾನವನ್ನು ಅದು ಬಗೆಹರಿಸುತ್ತಿದೆ. ಬೆಲ್ಜಿಯಂನ ಸಿಂಟ್ ಸಿಕ್ಸ್‌ಟಸ್ ಮಠದ ಟ್ರಾಪಿಸ್ಟ್ ಸನ್ಯಾಸಿಗಳು 1830ರ ದಶಕದಿಂದ ಬೀರು ಮಾಡುತ್ತಿದ್ದಾರೆ. ಮಠ ನಡೆಯಲು ಎಷ್ಟು ಬೇಕೋ ಅಷ್ಟೇ ಮಾಡುತ್ತಾರೆ. ಜಗತ್ತೇ ಬಾಗಿಲಿಗೆ ಬಂದು ನಿಂತರೂ ಹೆಚ್ಚಿಸುವುದಿಲ್ಲ. ಬಹಳ ಕಾಲ ಮೊದಲೇ ಹೇಳಿಟ್ಟು, ಗೊತ್ತಾದ ದಿನ ಕಾರು ತೆಗೆದುಕೊಂಡು ಹೋಗಿ, ಗೊತ್ತಾದಷ್ಟು ಕ್ರೇಟು ಮಾತ್ರ ತರಬೇಕಿತ್ತು. ಕಾಯಕ ಎಂಬ ಮಾತನ್ನು ಬಲ್ಲವರಿಗೆ ಆ ಮಠದ ಗೇಟಿನ ಮುಂದೆ ಪರಕೀಯತೆ ಅನಿಸುವುದಿಲ್ಲ.

ಮೀನಿಲ್ಲ, ಕಲಬೆರಕೆಯಿಲ್ಲ, ಲಾಭಬಡುಕತನವಿಲ್ಲ. ಹಾಗಾದರೆ ದೋಷ ಮುಗಿಯಿತೇ? ಜೈನರು ಇಲ್ಲ ಅನ್ನುತ್ತಾರೆ. ಶ್ರಾವಕನ ಮೂಲಗುಣಗಳಲ್ಲಿ ಮೊದಲು ಬರುವುದು ಮದ್ಯ, ಮಾಂಸ, ಮಧು ಮೂರನ್ನೂ ಬಿಡುವುದು. ಹುದುಗುವ ರಸ ಲೆಕ್ಕವಿಲ್ಲದ ಸೂಕ್ಷ್ಮಜೀವಿಗಳ ಹುಟ್ಟುನೆಲೆ, ಕುಡಿದವನು ಅವನ್ನೆಲ್ಲ ಕೊಂದ ಎಂದು ಅಮೃತಚಂದ್ರರಂಥ ಆಚಾರ್ಯರು ವಾದಿಸಿದರು. ಯೀಸ್ಟನ್ನು ಸೂಕ್ಷ್ಮದರ್ಶಕದಲ್ಲಿ ಯಾರೂ ನೋಡದ ಕಾಲದಲ್ಲಿ ಆಡಿದ ಮಾತದು. ಪೀಪಾಯಿಯಲ್ಲಿ ಜೀವ ಆಡುತ್ತಿದೆ ಎಂಬುದು ಬೀರು ಹುಡುಕುವವನಿಗೆ ರುಚಿಯ ಗುರುತು. ಜೈನನಿಗೆ ಅದೇ ಬಿಡಲು ಕಾರಣ.

ಈಚೆಗೆ ಜರ್ಮನಿಯಲ್ಲಿ ಎಲ್ಲ ಅಂಗಡಿಯಲ್ಲೂ ಮದ್ಯಸಾರ ತೆಗೆದ ಬೀರು ಸಿಗುತ್ತದೆ. ಬೀರನ್ನು ಪೂರ್ತಿ ಮಾಡಿ ಆಮೇಲೆ ಕಡಿಮೆ ಒತ್ತಡದಲ್ಲಿ ಕಾಯಿಸಿಯೋ ಸೋಸಿಯೋ ಮದ್ಯಸಾರ ತೆಗೆಯುತ್ತಾರೆ. ಅರ್ಧ ಪರ್ಸೆಂಟಿನ ತನಕ ಉಳಿದರೂ ಇಲ್ಲವೆಂದೇ ಲೆಕ್ಕ. ಅಮ್ಮನಿಗೆ ಕೊಟ್ಟ ಮಾತೂ ಉಳಿಯಿತು, ಗೆಳೆಯರ ಜೊತೆ ಲೋಟವೂ ಎತ್ತಿದಂತಾಯಿತು ಎಂದು ಎಷ್ಟೋ ಜನ ಅದಕ್ಕೆ ಒಲಿದಿದ್ದಾರೆ. ಅವರ ಮುಂದೆ 1209ರಲ್ಲಿ ಜನ್ನ ಬರೆದ ಯಶೋಧರ ಚರಿತೆಯನ್ನು ಇಡಬೇಕು. ಕೆಟ್ಟ ಕನಸಿನ ಶಾಂತಿಗೆ ಬಲಿ ಕೊಡೆಂದು ತಾಯಿ ಚಂದ್ರಮತಿ ಹಟ ಹಿಡಿದಳು. ಅಹಿಂಸೆಯ ವ್ರತದ ಮಗ ಯಶೋಧರ ಒಪ್ಪಲಿಲ್ಲ. ಕೊನೆಗೆ ಇಬ್ಬರಿಗೂ ಒಪ್ಪಿಗೆಯಾದದ್ದು ಹಿಟ್ಟಿನ ಕೋಳಿ. ಕತ್ತಿ ಬಿದ್ದಾಗ ಹಿಟ್ಟು ಕೂಗಿತು. ಕೊಲ್ಲುವ ಸಂಕಲ್ಪ ಮಾಡಿದ್ದಕ್ಕೆ ತಾಯಿ ಮಗ ಇಬ್ಬರೂ ನವಿಲು, ನಾಯಿ ಮೊದಲಾದ ಜನ್ಮಗಳನ್ನು ಎತ್ತಿ ಬಳಲಿದರು. ಅಲ್ಲಿಯೂ ತಾಯಿಯ ಮಾತನ್ನು ಉಳಿಸಲು ಹೋದ ಮಗನೇ.

ಶುಕ್ರನ ಬಟ್ಟಲಲ್ಲಿ ಜೀವವಿತ್ತು, ಅವನ ಮನಸ್ಸಿನಲ್ಲಿ ಕೊಲೆಯಿರಲಿಲ್ಲ. ಯಶೋಧರನ ಕೋಳಿಯಲ್ಲಿ ಜೀವವಿರಲಿಲ್ಲ, ಮನಸ್ಸಿನಲ್ಲಿ ಕೊಲೆಯಿತ್ತು. ಈ ಎರಡು ಕಥೆಗಳ ನಡುವೆ ಎಲ್ಲೋ ಒಂದು ಕಡೆ ನಮ್ಮ ಹುಡುಗ ನಿಂತಿದ್ದಾನೆ. ಮದ್ಯಸಾರ ತೆಗೆದ ಬೀರು ಹಿಟ್ಟಿನ ಕೋಳಿಯೇ? ಕುಡುಕತನದ ಹಂಬಲವನ್ನೇ ಪೋಷಿಸಲು ಹಿಡಿದವನಿಗೆ ಹೌದು. ಜವೆಯ, ಹಾಪ್ಸ್‌ನ ಕಹಿ ಇಷ್ಟವೆಂದು, ಗೆಳೆಯರ ಮಾತುಕತೆ ಬೇಕೆಂದು ಹಿಡಿದವನಿಗೆ ಅಲ್ಲ. ಹೊರಗಿನವರು ಹೇಳಲಾಗದ ವ್ಯತ್ಯಾಸವದು; ಊರಿನಲ್ಲಿದ್ದಾಗ ಬೀದಿಯವರು, ನೆಂಟರು, ಅಂಗಡಿಯ ಶೆಟ್ಟರು ಎಲ್ಲರೂ ಸೇರಿ ನೋಡಿಕೊಳ್ಳುತ್ತಿದ್ದ ಕೆಲಸವನ್ನು ಅಲ್ಲಿ ಒಬ್ಬನೇ ನೋಡಿಕೊಳ್ಳಬೇಕು.

ಬುದ್ಧ ದೋಷವನ್ನು ಇಟ್ಟಿದ್ದು ಇದೇ ಜಾಗದಲ್ಲಿ. ಐದನೆಯ ಶೀಲ ಮದ್ಯವನ್ನು ಬಿಡಿಸುವುದು ಅದು ಪ್ರಮಾದಕ್ಕೆ, ಎಚ್ಚರ ತಪ್ಪುವುದಕ್ಕೆ ನೆಲೆ ಎಂಬ ಕಾರಣಕ್ಕೆ. ಪಾಲಿ ಕಲಿತು ಬೌದ್ಧ ಗ್ರಂಥಗಳನ್ನು ಕನ್ನಡಕ್ಕೆ ತಂದ ಜಿ. ಪಿ. ರಾಜರತ್ನಂ ಅವರೇ 1930ರ ದಶಕದಲ್ಲಿ ಎಂಡ್ಕುಡ್ಕ ರತ್ನನನ್ನು ಹುಟ್ಟಿಸಿದರು. ಸ್ವತಃ ಹೆಂಡ ಮುಟ್ಟದ ಮೇಷ್ಟ್ರು, ಕುಡುಕನ ಬಾಯಲ್ಲಿ ಕನ್ನಡದ ಮೇಲಿನ ಪ್ರೀತಿಯನ್ನೂ ಹೆಂಡತಿಯ ಮೇಲಿನ ಅಕ್ಕರೆಯನ್ನೂ ಹಾಡಿಸಿದರು. ಶೀಲ ಬಲ್ಲವರಿಗೆ ಕುಡಿಯುವವನ ಮೇಲೆ ಇಷ್ಟು ಕರುಣೆ ಸಾಧ್ಯ ಎಂಬುದೇ ಆ ಪದಗಳ ಬೆಲೆ. ಸಾರಾಯಿ ಎಷ್ಟು ಸಂಸಾರಗಳನ್ನು ನುಂಗಿತೆಂದು ಈ ನಾಡಿಗೆ ಗೊತ್ತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಅದರ ಮಾರಾಟವೇ ನಿಂತಿತು. ಅಮ್ಮ ಮೆಜೆಸ್ಟಿಕ್‌ನಲ್ಲಿ ದನಿ ತಗ್ಗಿಸಿದ್ದು ಮನುವನ್ನು ಓದಿ ಅಲ್ಲ. ವಠಾರದಲ್ಲಿ ಯಾರ ಮನೆಯ ಪಾತ್ರೆ ಬೀದಿಗೆ ಬಿತ್ತು, ಯಾರ ತಾಳಿ ಅಡವಿಗೆ ಹೋಯಿತು ಎಂದು ಕಣ್ಣಾರೆ ನೋಡಿ.

ಚಿಲ್ಲದ ಬೀಜದ ಮಾತು ಮನುಸ್ಮೃತಿಯಲ್ಲೂ ಬರುತ್ತದೆ. ಆ ಬೀಜ ನೀರನ್ನು ತಿಳಿ ಮಾಡುವುದು ನಿಜ, ಅದರ ಹೆಸರನ್ನು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗುವುದಿಲ್ಲ ಎಂದು ಸನ್ಯಾಸಿಯ ಧರ್ಮ ಹೇಳುವಾಗ ಮನು ಎಚ್ಚರಿಸುತ್ತಾನೆ. ಸಸ್ಯಾಹಾರಿ, ಏಕಾದಶಿ, ವ್ರತ, ಮನೆತನ ಎಂದು ಹೆಸರು ಹೇಳಿಕೊಂಡು ಲೋಟ ಎತ್ತುವವರಿಗೂ, ಅದೇ ಹೆಸರು ಹೇಳಿಕೊಂಡು ಲೋಟ ಎತ್ತಿದವರನ್ನು ಹಳಿಯುವವರಿಗೂ ಆ ಮಾತು ಸಲ್ಲುತ್ತದೆ. ತೇಯಬೇಕು. ಕೂತು, ಕೈಯಲ್ಲಿ ಬೀಜ ಹಿಡಿದು ಮಡಕೆಯೊಳಗೆ ತೇಯುವ ಕೆಲಸ ಅದು, ಬೇಸರ ಬರುವಷ್ಟು ನಿಧಾನ.

ಇಂಗ್ಲೆಂಡಿನ ಪಬ್ಬುಗಳಲ್ಲಿ ಈಗ ಆ ಕೆಲಸ ಮಾಡುವವರು ಕಾಣಸಿಗುತ್ತಾರೆ. ಶುಕ್ರವಾರ ಸಂಜೆಯ ಗದ್ದಲ. ಮಳೆಯಲ್ಲಿ ನೆನೆದ ಕೋಟುಗಳ ವಾಸನೆ. ಜೊತೆಯವರೆಲ್ಲ ತಮಗೆ ಬೇಕಾದ್ದನ್ನು ಹೇಳಿ ಮುಗಿಸಿದ್ದಾರೆ. ತನ್ನ ಸರದಿ ಬಂದಾಗ, ಮೆಜೆಸ್ಟಿಕ್‌ನಿಂದ ಹೊರಟ ಒಬ್ಬ ಮಗಳು ಕಟ್ಟೆಯ ಮೇಲೆ ಬಾಗಿ, ಇದಕ್ಕೆ ಮೀನು ಹಾಕಿದ್ದಾರಾ ಎಂದು ಕೇಳುತ್ತಾಳೆ. ಪಂಪಿನ ಹಿಡಿಯ ಮೇಲೆ ಕೈಯಿಟ್ಟವನಿಗೆ ಗೊತ್ತಿಲ್ಲ. ಹಿಂದೆ ನಿಂತವರು ಒಂದು ಕ್ಷಣ ಮಾತು ನಿಲ್ಲಿಸುತ್ತಾರೆ. ಒಂದು ನಿಮಿಷ ಎಂದು ಹೇಳಿ ಅವನು ಪೀಪಾಯಿಯ ಮೇಲಿನ ಚೀಟಿ ಓದಿ ಬರಲು ನೆಲಮಾಳಿಗೆಯ ಮೆಟ್ಟಿಲು ಇಳಿಯುತ್ತಾನೆ. ಅವಳು ಖಾಲಿ ಲೋಟದ ಮುಂದೆ ಕಾಯುತ್ತಾಳೆ.